ಮಿನರ್ವ್: ಬಾವಿ ಒಡೆದ ಕೋಟೆಯೂರು

ದಕ್ಷಿಣ ಫ್ರಾನ್ಸಿನ ಮಿನರ್ವ್, ಎರಡು ನದಿಕಮರಿಗಳ ನಡುವಿನ ಬಂಡೆಯ ಮೇಲಿರುವ ಕೋಟೆಯೂರು. ಅಲ್ಲಿನ ದೇವಾಲಯದಲ್ಲಿ ಕ್ರಿ.ಶ. 456ರ ಅಮೃತಶಿಲೆಯ ಬಲಿಪೀಠವಿದೆ.

ಧರ್ಮಸಭೆ ಪಾಷಂಡಿಗಳೆಂದು ಖಂಡಿಸಿದ್ದ ಕಥಾರರು ಆ ಊರಿನಲ್ಲಿ ಆಶ್ರಯ ಪಡೆದಿದ್ದರು. 1210ರಲ್ಲಿ ಸಿಮೋನ್ ದ ಮೋನ್‌ಫೋರನ ಧರ್ಮಯುದ್ಧದ ಸೈನ್ಯ ಊರನ್ನು ಮುತ್ತಿತು. ಕವಣೆಯಂತ್ರದ ಕಲ್ಲುಗಳು ಕುಡಿಯುವ ನೀರಿನ ಬಾವಿಯನ್ನು ಹಾಳುಗೆಡವಿದವು. ಸುಮಾರು ಏಳು ವಾರಗಳಲ್ಲಿ ಬಾಯಾರಿದ ಊರು ಶರಣಾಯಿತು. ತಮ್ಮ ನಂಬಿಕೆ ಬಿಡಲೊಪ್ಪದ ಸುಮಾರು 140 ಮಂದಿಯನ್ನು ಜೀವಂತ ಸುಟ್ಟರು. ಸುಟ್ಟವರು ಶಿಲುಬೆ ಧರಿಸಿದವರೇ.

2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಜಗದ್ಗುರು ಎರಡನೇ ಜಾನ್ ಪಾಲರು ಸತ್ಯದ ಹೆಸರಿನಲ್ಲಿ ಕ್ರೈಸ್ತರು ಎಸಗಿದ ಹಿಂಸೆಗಾಗಿ ದೇವರಲ್ಲಿ ಕ್ಷಮೆ ಬೇಡಿದರು. ಇಂದು ಮಿನರ್ವಿನಲ್ಲಿ, ಪಾರಿವಾಳದ ಆಕಾರ ಕೊರೆದ ಸ್ಮಾರಕಶಿಲೆಯೊಂದು ನಿಂತಿದೆ.

ಬಾಯಾರಿದವರಲ್ಲಿ ತನ್ನನ್ನೇ ಕಾಣಿರೆಂದ ಪ್ರಭುವಿನ ಶಿಷ್ಯರು ನಾವು. ನಮ್ಮಂತೆ ನಂಬದವರ ಬಾವಿಯನ್ನೂ ಕಾಯೋಣ.