ಹೇಬರ್–ಬಾಷ್ ವಿಧಾನ

ಹೇಬರ್–ಬಾಷ್ ವಿಧಾನವು ಸಾರಜನಕ ಮತ್ತು ಜಲಜನಕಗಳ ನೇರ ಸಂಯೋಗದಿಂದ ಅಮೋನಿಯವನ್ನು ತಯಾರಿಸುವ ಕೈಗಾರಿಕಾ ವಿಧಾನ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಸಸ್ಯಗಳು ಅದನ್ನು ನೇರವಾಗಿ ಬಳಸಲಾರವು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಈ ಸಂಯೋಗವನ್ನು ಪ್ರಯೋಗಾಲಯದಲ್ಲಿ ಸಾಧಿಸಿದರು. ಕಾರ್ಲ್ ಬಾಷ್ ಅದನ್ನು ಕೈಗಾರಿಕೆಗೆ ಅಳವಡಿಸಿದರು. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು.

ತಯಾರಿಕೆ

ನೈಸರ್ಗಿಕ ಅನಿಲ ಮತ್ತು ನೀರಾವಿಗಳಿಂದ ಜಲಜನಕವನ್ನು ಪಡೆಯಲಾಗುತ್ತದೆ. ಅದರ ಮೂರು ಪಾಲಿಗೆ ಒಂದು ಪಾಲು ಸಾರಜನಕವನ್ನು ಬೆರೆಸಿ, ಸುಮಾರು 200 ವಾಯುಭಾರ ಒತ್ತಡ ಹಾಗೂ 400–500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಬ್ಬಿಣದ ಕ್ರಿಯಾವರ್ಧಕದ ಮೇಲೆ ಹಾಯಿಸುತ್ತಾರೆ. ಉಷ್ಣತೆ ತಗ್ಗಿದರೆ ಹೆಚ್ಚು ಅಮೋನಿಯ ದೊರೆಯಬಹುದಾದರೂ ಕ್ರಿಯೆ ತೀರ ನಿಧಾನವಾಗುತ್ತದೆ. ಉಂಟಾದ ಅಮೋನಿಯವನ್ನು ತಂಪುಗೊಳಿಸಿ ದ್ರವರೂಪದಲ್ಲಿ ಬೇರ್ಪಡಿಸಿ, ಉಳಿದ ಅನಿಲಗಳನ್ನು ಮರಳಿ ಬಳಸುತ್ತಾರೆ.

ಪರಿಣಾಮ

ಯೂರಿಯ ಮೊದಲಾದ ಗೊಬ್ಬರಗಳಿಗೆ ಅಮೋನಿಯವೇ ಆಧಾರ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಸ್ಫೋಟಕಗಳಿಗೂ ಇದೇ ಮೂಲವಾಯಿತು. ಜಲಜನಕದ ತಯಾರಿಕೆಯಲ್ಲಿ ಅಪಾರ ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಈ ವಿಧಾನದ ಮುಖ್ಯ ದೋಷ.