ಆಷಾಢದ ಅಪ್‌ಡೇಟ್: ಮಂಡ್ಯ ಸೀಮೆಯ ಎಡಿಟಿಂಗ್ ಟೇಬಲ್ಲಿನ ನಾಲ್ಕು ದಶಕ

ಮಂಡ್ಯ, ಮದ್ದೂರು, ಮಳವಳ್ಳಿಯ ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ ಸಾಫ್ಟ್‌ವೇರ್ ಬದಲಿಸುವುದಕ್ಕೂ ಒಂದು ಕಾಲವಿದೆ. ಅದು ಆಷಾಢ. ಆ ತಿಂಗಳು ಲಗ್ನವಿಲ್ಲ, ಚಪ್ಪರವಿಲ್ಲ, ಬೀಗರೂಟವಿಲ್ಲ. ಬಾಕಿ ಉಳಿದ ಆಲ್ಬಂ, ಪೆನ್‌ಡ್ರೈವ್‌ಗಳನ್ನು ಗಿರಾಕಿಗೆ ಮುಟ್ಟಿಸಿದ ಮೇಲೆ ಕಂಪ್ಯೂಟರ್ ಬಿಚ್ಚಿ ದೂಳು ಹೊಡೆಯುವುದು, ರ‍್ಯಾಮ್ ಹಾಕಿಸುವುದು, ಹೊಸ ವರ್ಷನ್ ಇಳಿಸಿ ನೋಡುವುದು ಎಲ್ಲವೂ ಆಗಲೇ. ಶ್ರಾವಣದ ಮೊದಲ ಮುಹೂರ್ತದೊಳಗೆ ಅದು ಕೈಗೆ ಹತ್ತಬೇಕು, ಹತ್ತದಿದ್ದರೆ ಹಳೆಯದಕ್ಕೇ ವಾಪಸ್. ಕ್ಯಾಲಿಫೋರ್ನಿಯಾದ ಕಂಪನಿಗಳು ಬಿಡುಗಡೆಯ ದಿನ ಗೊತ್ತುಮಾಡುವಾಗ ಒಂಟಿಕೊಪ್ಪಲ್ ಪಂಚಾಂಗ ತಿರುವಿ ನೋಡುವುದಿಲ್ಲವಲ್ಲ, ಇವರೇ ಹೊಂದಿಕೊಳ್ಳಬೇಕು.

ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ಗಳ ಅಪ್‌ಡೇಟಿನ ಮೇಲೆ ವೃತ್ತಿಪರರು ಸಿಟ್ಟಾದ ಕಥೆಗಳನ್ನು ಬರೆದವರೆಲ್ಲ ಗದ್ದಲ ಮಾಡಿದವರ ಕಥೆಯನ್ನೇ ಬರೆದಿದ್ದಾರೆ: ಸಹಿ ಸಂಗ್ರಹ, ಬಹಿರಂಗ ಪತ್ರ, ಕಂಪನಿ ಬಿಟ್ಟು ಕಂಪನಿಗೆ ಹೋದದ್ದು. ಕಾವೇರಿ ನೀರಿಗಾಗಿ ಸಂಜಯ ವೃತ್ತದಲ್ಲಿ ಹೆದ್ದಾರಿ ತಡೆಯುವ, ಕಬ್ಬಿನ ಬಾಕಿಗಾಗಿ ಬೀದಿಗಿಳಿಯುವ ಈ ಜಿಲ್ಲೆಯಲ್ಲಿ ಸಾಫ್ಟ್‌ವೇರ್ ಕಂಪನಿಯ ವಿರುದ್ಧ ಯಾರೂ ಧಿಕ್ಕಾರ ಕೂಗಲಿಲ್ಲ. ಇಲ್ಲಿಯವರು ಮಾಡಿದ್ದು ಇಷ್ಟೇ: ಅಪ್‌ಡೇಟ್ ಮಾಡಲಿಲ್ಲ. ಸುಮ್ಮನಿದ್ದ ಈ ಜನರ ಲೆಕ್ಕಾಚಾರ ಕೂಗಾಡಿದವರದಕ್ಕಿಂತ ಕಡಿಮೆ ಚೊಕ್ಕವಾಗಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲಿಗೆ ಅಪ್‌ಡೇಟ್ ಎಂಬುದೇ ಇರಲಿಲ್ಲ. ಎಂಬತ್ತು-ತೊಂಬತ್ತರ ದಶಕದಲ್ಲಿ ಕೆಲಸ ನಡೆದದ್ದು ವಿಎಚ್‌ಎಸ್ ಕ್ಯಾಸೆಟ್ ಮೇಲೆ. ಒಂದು ವಿಸಿಆರ್‌ನಲ್ಲಿ ಹಾಕಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡಿ, ನಡುವೆ ಮಿಕ್ಸರ್ ಇಟ್ಟುಕೊಂಡು ಹೃದಯದಾಕಾರದ ಕಿಂಡಿಯಲ್ಲಿ ವಧೂವರರನ್ನು ಕೂರಿಸುವುದು. ಆ ಕೆಲಸಕ್ಕೆ ಹೆಸರೇ ಮಿಕ್ಸಿಂಗ್. ಪ್ರತಿ ನಕಲಿಗೂ ಚಿತ್ರ ಒಂದಿಷ್ಟು ಮಸುಕಾಗುತ್ತಿತ್ತು, ಮಧ್ಯದಲ್ಲಿ ತಪ್ಪಿದರೆ ಹಿಂದಿನಿಂದ ಮತ್ತೆ ಶುರು. ಆದರೆ ಕೊಂಡ ಮಿಕ್ಸರ್ ಕೊಂಡ ದಿನ ಏನು ಮಾಡುತ್ತಿತ್ತೋ ಕೆಡುವ ದಿನದವರೆಗೂ ಅದನ್ನೇ ಮಾಡುತ್ತಿತ್ತು. ಸಿನಿಮಾದ ಮಾತು ಬೇರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರದ ಹೊಳೆದಂಡೆಯಲ್ಲಿ ಶೂಟಿಂಗ್ ಆದ ಚಿತ್ರಗಳಿಗೆ ಕತ್ತರಿ ಬೀಳುತ್ತಿದ್ದದ್ದು ಮದ್ರಾಸಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಎಡಿಟಿಂಗ್ ಎಂದರೆ ಮದುವೆ, ನಾಮಕರಣ, ಗೃಹಪ್ರವೇಶ, ಊರಹಬ್ಬ.

2000ದ ಆಚೀಚೆಗೆ ಮಿನಿ ಡಿವಿ ಕ್ಯಾಮೆರಾ ಬಂತು. ಜೊತೆಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ಕ್ಯಾಪ್ಚರ್ ಕಾರ್ಡ್, ಅದಕ್ಕೊಂದು ಕಂಪ್ಯೂಟರ್. ಒಂದು ಗಂಟೆಯ ಡಿವಿ ಕ್ಯಾಸೆಟ್ ಡಿಸ್ಕಿನಲ್ಲಿ ಸುಮಾರು 13 ಜಿಬಿ ತಿನ್ನುತ್ತದೆ. ಅಂದಿನ 40 ಜಿಬಿ ಹಾರ್ಡ್‌ಡಿಸ್ಕಿಗೆ ಮೂರು ಕ್ಯಾಸೆಟ್ ಇಳಿಸಿದರೆ ಮುಗಿಯಿತು. ಹಾಗಾಗಿ ಒಂದು ಮದುವೆ ಮುಗಿಸಿ, ಅಳಿಸಿ, ಇನ್ನೊಂದಕ್ಕೆ ಕೈ ಹಾಕಬೇಕು. ಹಳೆಯ ಕೆಲಸ ಉಳಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ಹಳೆಯ ಫೈಲ್ ಹೊಸ ವರ್ಷನ್‌ನಲ್ಲಿ ತೆರೆಯುತ್ತದೆಯೇ ಎಂಬ ಚಿಂತೆಯೂ ಇರಲಿಲ್ಲ. ಡಿಸ್ಕ್ ಅಗ್ಗವಾದ ಮೇಲೆ ಆ ಚಿಂತೆ ಹುಟ್ಟಿತು.

ಈ ಸೀಮೆಯ, ಅಷ್ಟೇಕೆ ಇಡೀ ದೇಶದ ಮದುವೆ ಎಡಿಟಿಂಗ್ ಅನ್ನು ಹಿಡಿದುಕೊಂಡದ್ದು ಎಡಿಯಸ್. ಜಪಾನಿನ ಕೋಬೆಯ ಕೆನೋಪಸ್ ಕಂಪನಿ ಮಾಡಿದ್ದು; ಆಮೇಲೆ ಗ್ರಾಸ್ ವ್ಯಾಲಿಯ ಪಾಲಾಯಿತು. ಹಾಲಿವುಡ್ಡಿನವರು ಮೂಸಿ ನೋಡದ ಈ ಸಾಫ್ಟ್‌ವೇರ್ ಇಲ್ಲಿ ಗೆದ್ದದ್ದಕ್ಕೆ ಸರಳ ಕಾರಣವಿದೆ. ಬೇರೆ ಬೇರೆ ಕ್ಯಾಮೆರಾದ ಬೇರೆ ಬೇರೆ ಬಗೆಯ ಫೈಲುಗಳನ್ನು ಒಂದೇ ಟೈಮ್‌ಲೈನಿನಲ್ಲಿ ಹಾಕಿದರೂ ರೆಂಡರ್‌ಗೆ ಕಾಯಿಸದೆ ಓಡಿಸುತ್ತಿತ್ತು. ನಾಲ್ಕು ತಾಸಿನ ಧಾರೆ-ಆರತಕ್ಷತೆಯನ್ನು ಸಾಧಾರಣ ಕಂಪ್ಯೂಟರಿನಲ್ಲಿ ಮುಗಿಸಬೇಕಾದವನಿಗೆ ಬೇಕಾದ್ದು ಅದೇ. ಅದರ ಸುತ್ತ ಒಂದು ಉಪಕಸುಬೂ ಬೆಳೆಯಿತು. ಹಾಡಿಗೆ ಹೊಂದಿಸಿ, ಹೂ ಉದುರಿಸಿ, ಚೌಕಟ್ಟು ಕೂರಿಸಿ ಮೊದಲೇ ಸಿದ್ಧ ಮಾಡಿದ ಟೈಮ್‌ಲೈನ್‌ಗಳನ್ನು ‘ಪ್ರಾಜೆಕ್ಟ್’ ಎಂಬ ಹೆಸರಲ್ಲಿ ಡಿವಿಡಿಗಟ್ಟಲೆ, ಹಾರ್ಡ್‌ಡಿಸ್ಕುಗಟ್ಟಲೆ ಮಾರುತ್ತಿದ್ದರು. ನಮ್ಮ ಹುಡುಗ-ಹುಡುಗಿಯ ಫೋಟೊ ತುರುಕಿದರೆ ಹಾಡು ತಯಾರು.

2013ರಲ್ಲಿ ಎಡಿಯಸ್ 7 ಬಂದಾಗ ಪೂರ್ತಿ 64 ಬಿಟ್‌ಗೆ ಹೊರಳಿತು. 32 ಬಿಟ್ ವಿಂಡೋಸ್ ಇದ್ದ ಯಂತ್ರಗಳಲ್ಲಿ ಅದು ಕೂರಲೇ ಇಲ್ಲ. ಕೂತಲ್ಲೂ ಹಳೆಯ 32 ಬಿಟ್ ಪ್ಲಗಿನ್‌ಗಳು ಕೈಕೊಟ್ಟವು. ಪ್ಲಗಿನ್ ಇಲ್ಲದಿದ್ದರೆ ಕಾಸು ಕೊಟ್ಟು ತಂದ ‘ಪ್ರಾಜೆಕ್ಟ್’ ಅರೆಬರೆ ತೆರೆಯುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬೇಕಿಲ್ಲ. ಸಣ್ಣ ಊರುಗಳ ಎಡಿಟಿಂಗ್ ಬಹುಮಟ್ಟಿಗೆ ಕ್ರ್ಯಾಕ್ ಕಾಪಿಗಳ ಮೇಲೆ ನಿಂತಿತ್ತು. ಕ್ರ್ಯಾಕ್ ಹಾಕಿದವನಿಗೆ ಅಪ್‌ಡೇಟ್ ಎಂದರೆ ಹೊಸ ಸೌಲಭ್ಯವಲ್ಲ, ಇದ್ದದ್ದೂ ನಿಂತುಹೋಗುವ ಭಯ. ಇಂಟರ್‌ನೆಟ್ ವೈರು ಕಿತ್ತಿಟ್ಟ ಎಡಿಟಿಂಗ್ ಕಂಪ್ಯೂಟರ್ ಹುಟ್ಟಿದ್ದು ಹೀಗೆ. ಅಸಲಿ ಕೊಂಡವರೂ ಅದೇ ಪದ್ಧತಿ ಹಿಡಿದದ್ದು ಬೇರೆ ಕಾರಣಕ್ಕೆ: ಓಡುತ್ತಿರುವುದನ್ನು ಸೀಸನ್ನಿನಲ್ಲಿ ಮುಟ್ಟಬಾರದು.

ಇನ್ನು, ಮೊದಲು ಹೇಳಿದ ಗದ್ದಲಗಳಲ್ಲೇ ದೊಡ್ಡದಾದ ಫೈನಲ್ ಕಟ್ ಜಗಳಕ್ಕೆ ಬರೋಣ. ಈ ಎಡಿಟಿಂಗ್ ಸಾಫ್ಟ್‌ವೇರನ್ನು ಮ್ಯಾಕ್ರೊಮೀಡಿಯಾ ಕಂಪನಿಯಲ್ಲಿ ರೂಪಿಸತೊಡಗಿದವನು ರ‍್ಯಾಂಡಿ ಉಬಿಲೋಸ್; ಅಡೋಬಿಯ ಪ್ರೀಮಿಯರ್‌ನ ಮೊದಲ ಆವೃತ್ತಿಯೂ ಅವನದೇ ಕೈಕೆಲಸ. ಆಪಲ್ ಅದನ್ನು ಕೊಂಡು 1999ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ವಾಲ್ಟರ್ ಮರ್ಚ್‌ನಂಥ ಹಿರಿಯ ಸಂಕಲನಕಾರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಅದರಲ್ಲಿ ಕತ್ತರಿಸಿದ ಮೇಲೆ ಅದರ ಅಂತಸ್ತೇ ಬೇರೆಯಾಯಿತು. 2011ರ ಜೂನ್ 21ರಂದು ಫೈನಲ್ ಕಟ್ ಪ್ರೊ ಎಕ್ಸ್ ಬಂತು. ನಮ್ಮಲ್ಲಿ ಆಷಾಢ ಹುಟ್ಟಲು ಇನ್ನೂ ಹತ್ತು-ಹನ್ನೊಂದು ದಿನ ಬಾಕಿ. ಬೆಲೆ 299.99 ಡಾಲರಿಗೆ ಇಳಿದಿತ್ತು. ಇಳಿದದ್ದು ಬೆಲೆಯೊಂದೇ ಆಗಿದ್ದರೆ ಯಾರೂ ಕೂಗುತ್ತಿರಲಿಲ್ಲ. ಹಲವು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ನೋಡಿ ಕತ್ತರಿಸುವ ಮಲ್ಟಿಕ್ಯಾಮ್ ಇರಲಿಲ್ಲ. ಸೌಂಡ್‌ನವರಿಗೆ, ಕಲರ್‌ನವರಿಗೆ ಕೆಲಸ ದಾಟಿಸುವ ಎಕ್ಸ್‌ಎಂಎಲ್, ಇಡಿಎಲ್ ಇರಲಿಲ್ಲ. ಹೊರಗಿನ ಬ್ರಾಡ್‌ಕಾಸ್ಟ್ ಮಾನಿಟರ್‌ಗೆ ಚಿತ್ರ ಹೋಗುತ್ತಿರಲಿಲ್ಲ. ಎಲ್ಲಕ್ಕಿಂತ ಉರಿ ಎಬ್ಬಿಸಿದ್ದು, ಹಿಂದಿನ ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳು ಹೊಸದರಲ್ಲಿ ತೆರೆಯದೇ ಹೋದದ್ದು. ಮನೆಮಂದಿ ಬಳಸುವ ಐಮೂವಿಯ ಪ್ರಾಜೆಕ್ಟ್ ತೆರೆಯುತ್ತಿತ್ತು! ಅದರ ಮೇಲೆ ಹಳೆಯದರ ಮಾರಾಟವನ್ನೂ ನಿಲ್ಲಿಸಿದರು.

ಅಮೆರಿಕದ ಟಿವಿಯಲ್ಲಿ ಕೋನನ್ ಒಬ್ರಿಯನ್ ಕಾರ್ಯಕ್ರಮದ ಎಡಿಟರ್‌ಗಳು ಇದನ್ನು ಗೇಲಿ ಮಾಡಿ ತುಣುಕು ಪ್ರಸಾರ ಮಾಡಿದರು. ಸಹಿ ಸಂಗ್ರಹ ನಡೆಯಿತು. ಅಡೋಬಿ, ಅವಿಡ್ ಕಂಪನಿಗಳು ರಿಯಾಯಿತಿ ಬೆಲೆ ಹಿಡಿದು ಬಾಗಿಲಲ್ಲಿ ನಿಂತವು. ಆಪಲ್ ಒಂದೊಂದಾಗಿ ಹಿಂದಿರುಗಿಸಿತು: 2011ರ ಸೆಪ್ಟೆಂಬರಿನಲ್ಲಿ ಎಕ್ಸ್‌ಎಂಎಲ್, 2012ರ ಜನವರಿಯಲ್ಲಿ ಮಲ್ಟಿಕ್ಯಾಮ್. 2013ರ ಡಿಸೆಂಬರಿನ 10.1 ಪ್ರಾಜೆಕ್ಟ್‌ಗಳ ಜೋಡಣೆಯನ್ನೇ ಬದಲಿಸಿ ‘ಲೈಬ್ರರಿ’ ತಂದಿತು, 2016ರ 10.3 ಪರದೆಯ ರೂಪ ಬದಲಿಸಿತು. ಬಿಟ್ಟುಹೋದವರಲ್ಲಿ ಬಹಳ ಮಂದಿ ಅಷ್ಟರಲ್ಲಿ ಪ್ರೀಮಿಯರ್‌ನಲ್ಲಿ ನೆಲೆಯೂರಿದ್ದರು. ಉಳಿದವರ ಸಿಟ್ಟು ತಿರುಗಿದ ಬಗೆ ನೋಡಿ: 2022ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ವೃತ್ತಿಪರರು ಆಪಲ್ ಮುಖ್ಯಸ್ಥ ಟಿಮ್ ಕುಕ್‌ಗೆ ಬರೆದ ಬಹಿರಂಗ ಪತ್ರದ ತಕರಾರು, ಈ ಸಾಫ್ಟ್‌ವೇರ್ ಕಡೆಗೆ ನೀವು ಸಾಕಷ್ಟು ಗಮನ ಕೊಡುತ್ತಿಲ್ಲ ಎಂದು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 2011ರಲ್ಲಿ ಒಮ್ಮೆ ದುಡ್ಡು ಕೊಟ್ಟವರಿಗೆ 2024ರ ನವೆಂಬರಿನ 11ನೇ ಆವೃತ್ತಿಯೂ ಪುಕ್ಕಟೆ ಸಿಕ್ಕಿತು.

ಫೈನಲ್ ಕಟ್‌ಗೆ ಬೇಕಾದ ಮ್ಯಾಕ್ ಕಂಪ್ಯೂಟರ್ ಇದ್ದ ಸ್ಟುಡಿಯೊ ಮಂಡ್ಯ ಸೀಮೆಯ ಈ ಮೂರು ಊರುಗಳಲ್ಲಿ ಅಪರೂಪ. ಫೈನಲ್ ಕಟ್ ಕೈಗೆ ಸಿಕ್ಕದ್ದು ಹೆಚ್ಚಾಗಿ ಬೆಂಗಳೂರಿನ ಜಾಹೀರಾತು, ಟಿವಿ ಕಚೇರಿಗಳಿಗೆ ಕೆಲಸಕ್ಕೆ ಹೋದ ಹುಡುಗರಿಗೆ. ಆದರೂ ಆ ಜಗಳದಲ್ಲಿ ನಮಗೆ ತಿಳಿಯುವಂಥದ್ದಿದೆ. ಮಲ್ಟಿಕ್ಯಾಮ್ ಇಲ್ಲದೆ ಮದುವೆಯೂ ಇಲ್ಲ. ತಾಳಿ ಕಟ್ಟುವ ಕ್ಷಣಕ್ಕೆ ಒಂದು ಕ್ಯಾಮೆರಾ ಹಸೆಮಣೆಯ ಮೇಲೆ, ಒಂದು ಅಕ್ಷತೆ ಎರಚುವ ಕೈಗಳ ಮೇಲೆ, ಇನ್ನೊಂದು ಕ್ರೇನಿನಲ್ಲಿ. ಮೂರನ್ನೂ ಒಂದೇ ಗಟ್ಟಿಮೇಳಕ್ಕೆ ಹೊಂದಿಸಬೇಕು. ಇನ್ನು ಅಪ್‌ಡೇಟ್ ಮಾಡದೆ ಕೂತವರು ಹಿಂದುಳಿದವರೆಂದು ನಗುವವರು ಕೊರಿಯಾದ ಬೋಂಗ್ ಜೂನ್-ಹೊ ಅವರ ‘ಪ್ಯಾರಸೈಟ್’ ನೆನೆಯಲಿ. 2019ರ ಆ ಚಿತ್ರವನ್ನು ಯಾಂಗ್ ಜಿನ್-ಮೊ ಕತ್ತರಿಸಿದ್ದು, ಆಪಲ್ ಎಂಟು ವರ್ಷ ಹಿಂದೆಯೇ ಕೈಬಿಟ್ಟಿದ್ದ ಫೈನಲ್ ಕಟ್ 7ರಲ್ಲಿ. 2020ರಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು, ಸಂಕಲನಕ್ಕೆ ನಾಮನಿರ್ದೇಶನವೂ ಸಿಕ್ಕಿತು. ಮಳವಳ್ಳಿಯಲ್ಲಿ ಹಳೆಯ ವಿಂಡೋಸ್ 7 ಯಂತ್ರವನ್ನು ಜೋಪಾನ ಮಾಡಿಕೊಂಡು ಬಂದವನ ಬುದ್ಧಿಯೂ ಆ ಸಂಕಲನಕಾರನ ಬುದ್ಧಿಯೂ ಒಂದೇ.

ಅಡೋಬಿಯ ರಗಳೆ ಇನ್ನೊಂದು ತರಹದ್ದು. 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಪ್ರೀಮಿಯರ್, ಫೋಟೊಶಾಪ್ ಕೊಳ್ಳಲು ಸಿಗುವುದಿಲ್ಲ, ಬಾಡಿಗೆಗೆ ಮಾತ್ರ ಎಂದು ಅದು ಸಾರಿತು. ಹಿಂದಿನ ವರ್ಷದ ಸಿಎಸ್ 6 ಕೊಂಡಿಟ್ಟುಕೊಳ್ಳಬಹುದಾದ ಕೊನೆಯ ಆವೃತ್ತಿ. ನಾಲೆ ಬಯಲಿನ ರೈತನಿಗೆ ಇದನ್ನು ವಿವರಿಸಬೇಕಿಲ್ಲ, ಜಮೀನು ಕೊಳ್ಳುವುದಕ್ಕೂ ಗುತ್ತಿಗೆಗೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಗೊತ್ತು. ಗುತ್ತಿಗೆ ಬಿಟ್ಟ ಹೊಲಕ್ಕೆ ಕಾಲಿಡುವಂತಿಲ್ಲ, ನೀವೇ ಹಾಕಿದ ಗೊಬ್ಬರ ಅಲ್ಲೇ ಇದ್ದರೂ. ಹಾಗೆಯೇ ಬಾಡಿಗೆ ನಿಲ್ಲಿಸಿದರೆ ನಿಮ್ಮದೇ ಡಿಸ್ಕಿನಲ್ಲಿರುವ ಪ್ರಾಜೆಕ್ಟ್ ಆ ಸಾಫ್ಟ್‌ವೇರಿನಲ್ಲಿ ತೆರೆಯುವಂತಿಲ್ಲ. ವರ್ಷಪೂರ್ತಿ ಸಂಬಳ ಎಣಿಸುವ ಸ್ಟುಡಿಯೊಗೆ ತಿಂಗಳ ಬಾಡಿಗೆ ಲೆಕ್ಕಕ್ಕೆ ಸಿಗುತ್ತದೆ. ವೈಶಾಖದಲ್ಲಿ ದುಡಿದು ಆಷಾಢದಲ್ಲಿ, ಧನುರ್ಮಾಸದಲ್ಲಿ ಕೈಕಟ್ಟಿ ಕೂರುವ ಕಸುಬಿಗೆ ಅದು ಹೊಂದುವುದಿಲ್ಲ. ಹೋಗಲಿ, ಹಳೆಯ ವರ್ಷನ್ ಹಿಡಿದು ಕೂರೋಣವೆಂದರೆ 2019ರಲ್ಲಿ ಬಾಡಿಗೆದಾರರಿಗೇ ಅಡೋಬಿ ಪತ್ರ ಕಳಿಸಿತು: ಕೆಲವು ಹಳೆಯ ಆವೃತ್ತಿಗಳನ್ನು ಬಳಸುವ ಪರವಾನಗಿ ನಿಮಗಿನ್ನಿಲ್ಲ ಎಂದು. ಸುಮ್ಮನಿರುವ ಹಕ್ಕಿಗೂ ಕೈ ಹಾಕಿದ್ದು ಇದೇ ಮೊದಲೇನೊ.

ಈ ಸೀಮೆಯ ನಿಜವಾದ ಗೋಳು ಕ್ಯಾಲಿಫೋರ್ನಿಯಾದ ಯಾವ ಗಲಾಟೆಯಲ್ಲೂ ಕಾಣಿಸಲಿಲ್ಲ, ಅದು ಕನ್ನಡ ಟೈಟಲ್‌ದು. ವಿಡಿಯೊದ ಮೊದಲ ಹತ್ತು ಸೆಕೆಂಡಿನಲ್ಲಿ ಮನೆದೇವರ ಹೆಸರು ಬರಬೇಕು. ಮದ್ದೂರಿನಲ್ಲಿ ಉಗ್ರನರಸಿಂಹಸ್ವಾಮಿ, ಮಳವಳ್ಳಿ ಪಕ್ಕದ ಮಾರೆಹಳ್ಳಿಯಲ್ಲಿ ಲಕ್ಷ್ಮೀನರಸಿಂಹಸ್ವಾಮಿ. ಟೈಟಲ್ ಬರೆಯುವ ಹಳೆಯ ಟೈಟ್ಲರ್‌ಗಳಿಗೆ ಯುನಿಕೋಡ್ ಕನ್ನಡ ಕೊಟ್ಟರೆ ಒತ್ತು ಬಿಚ್ಚಿಕೊಂಡು ‘ಲಕ್ಷ್ಮೀ’ ಮೂರು ಚೂರಾಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅದಕ್ಕೇ ಎಲ್ಲರೂ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳನ್ನು ಹಿಡಿದರು. ಅವು ಕಂಪ್ಯೂಟರಿನ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳೇ. ಅಕ್ಷರದ ತುಂಡು, ಒತ್ತು, ದೀರ್ಘಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರಿಂದ ಯಾವ ಟೈಟ್ಲರ್‌ಗೂ ಮೋಸ ಗೊತ್ತಾಗುತ್ತಿರಲಿಲ್ಲ. ಜಾಣ ಉಪಾಯ, ಇಡೀ ಕರ್ನಾಟಕದ ಫ್ಲೆಕ್ಸ್, ಲಗ್ನಪತ್ರಿಕೆ, ಕೇಬಲ್ ಟಿವಿಯ ಪಟ್ಟಿಗಳು ಇದರ ಮೇಲೇ ಓಡಿದವು.

ಅಪ್‌ಡೇಟ್ ಬಂದಾಗ ಬಯಲಾಗುತ್ತಿದ್ದದ್ದು ಈ ಉಪಾಯ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅಥವಾ ಹೊಸ ಟೈಟ್ಲರ್ ಅದನ್ನು ಬೇರೆ ಫಾಂಟಿಗೆ ಬದಲಿಸಿದರೆ, ದೇವರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು. ಫೋಟೊಶಾಪಿನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ, ಅದನ್ನು ಟೈಮ್‌ಲೈನಿಗೆ ತಂದು ಹಾಕುವ ಅಡ್ಡದಾರಿ ಹುಟ್ಟಿದ್ದು ಹೀಗೆ. ಈಗ ಪ್ರೀಮಿಯರ್‌ನ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ಯುನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಎಷ್ಟೋ ಕಡೆ ಅಡ್ಡದಾರಿಯೇ ಇನ್ನೂ ನಡೆಯುತ್ತಿರುವುದು ಅಭ್ಯಾಸಬಲದಿಂದಷ್ಟೇ ಅಲ್ಲ. ಹಳೆಯ ಫಾಂಟ್‌ಗಳಲ್ಲಿ ಇದ್ದ ದಪ್ಪ, ಬಳುಕು, ಅಲಂಕಾರದ ವೈವಿಧ್ಯ ಯುನಿಕೋಡ್‌ಗೆ ತಡವಾಗಿ ಬಂತು. ಮದುವೆಗೆ ಸರ್ಕಾರಿ ಆದೇಶದಂತೆ ಕಾಣುವ ಅಕ್ಷರ ಯಾರಿಗೆ ಬೇಕು?

ಇತ್ತೀಚಿನ ದಾರಿಗಳನ್ನು ಬೇಗ ದಾಟುತ್ತೇನೆ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಅಭ್ಯರ್ಥಿಯೊಬ್ಬರ ಮೇಲಿನ ಗೇಲಿಯಾದ ‘ನಿಖಿಲ್ ಎಲ್ಲಿದ್ದೀಯಪ್ಪ’ ತುಣುಕು ಸಾವಿರ ರೂಪ ತಾಳಿತಲ್ಲ, ಅದಕ್ಕೆ ಯಾವ ಸ್ಟುಡಿಯೊವೂ ಬೇಕಾಗಲಿಲ್ಲ, ಕೈಯಲ್ಲಿನ ಫೋನೇ ಸಾಕಾಯಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಜೊತೆ ಎಡಿಟಿಂಗ್‌ನ ವಿವಾವಿಡಿಯೊ ಕೂಡ ಇತ್ತು. ಬಳಸುವವರು ಬೆಳಗಾಗುವಷ್ಟರಲ್ಲಿ ಕೈನ್‌ಮಾಸ್ಟರ್‌ನಂಥವಕ್ಕೆ ಹೊರಳಿದರು, ಒಬ್ಬರೂ ಗೊಣಗಲಿಲ್ಲ. ಫೋನಿನಲ್ಲಿ ಮಾಡಿದ ರೀಲ್‌ಗೆ ಹಳೆಯ ಪ್ರಾಜೆಕ್ಟ್ ಎಂಬ ಬಾಲವಿಲ್ಲ. ದೊಡ್ಡ ಕೆಲಸಕ್ಕೆ ಡಾವಿಂಚಿ ರಿಸಾಲ್ವ್ ಹಿಡಿದವರು ಹೆಚ್ಚುತ್ತಿದ್ದಾರೆ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಅದರ ಒಂದು ರೂಪವನ್ನು ಪುಕ್ಕಟೆ ಕೊಡುತ್ತದೆ, ದುಡ್ಡಿನದಕ್ಕೂ ಬಾಡಿಗೆಯಿಲ್ಲ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಏಳುವುದಿಲ್ಲ, ಸಾಫ್ಟ್‌ವೇರಿನಲ್ಲಿ ಉಳಿದ ದುಡ್ಡು ಎಸ್‌.ಪಿ. ರಸ್ತೆಗೆ ಹೋಗುತ್ತದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೂ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದದ್ದರಿಂದ, ವೈರು ಕಿತ್ತಿಟ್ಟ ಯಂತ್ರಗಳ ಸಾಲಿಗೆ ಇನ್ನಷ್ಟು ಸೇರಿವೆ.

ಈಗಿನ ಅಪ್‌ಡೇಟ್‌ಗಳ ಜಾಹೀರಾತೆಲ್ಲ ಕೃತಕ ಬುದ್ಧಿಮತ್ತೆಯದು, ಅದರಲ್ಲೂ ಮಾತನ್ನು ಕೇಳಿ ತಾನೇ ಅಕ್ಷರ ಹಾಕುವ ಸೌಲಭ್ಯದ್ದು. ಪ್ರೀಮಿಯರ್‌ಗೆ ಅದು 2021ರಲ್ಲಿ ಬಂದಾಗ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಫೈನಲ್ ಕಟ್ 11ರಲ್ಲಿ ಶುರುವಾದದ್ದು ಇಂಗ್ಲಿಷ್‌ನಿಂದ. ಬೀಗರೂಟದಲ್ಲಿ ಅಜ್ಜಿಯೊಬ್ಬರು ಕ್ಯಾಮೆರಾ ಮುಂದೆ ಮಂಡ್ಯದ ಮಾತಿನಲ್ಲಿ ಹರಸಿದ್ದನ್ನು ರೀಲ್‌ನಲ್ಲಿ ಅಕ್ಷರವಾಗಿ ಕೊಡಬೇಕೆಂದರೆ ಹುಡುಗ ಹೆಡ್‌ಫೋನ್ ಹಾಕಿ, ಎರಡೆರಡು ಸಲ ಕೇಳಿ, ‘ಚೆಂದಾಗಿರ‍್ರಪ್ಪಾ’ ಎಂದು ಕೈಯಲ್ಲೇ ಟೈಪ್ ಮಾಡಬೇಕು. ಅದಕ್ಕೆ ಎಡಿಯಸ್‌ನ ಹಳೆಯ ವರ್ಷನ್ನೂ ಸಾಕು, ಫೋನೂ ಸಾಕು.