ನಾಲ್ಕು ಮಹಾಶಂಖ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದುವ ವಾಡಿಕೆಯಿಲ್ಲ. ಓದಿದರೆ ನಷ್ಟವೇನೂ ಇಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಆ ಸಂಸ್ಕೃತ ಗ್ರಂಥದ ಮೊದಲ ಭಾಗದಲ್ಲಿಯೇ ಸಂಖ್ಯಾಸ್ಥಾನಗಳ ಹೆಸರುಗಳನ್ನು ಸಾಲಾಗಿ ಕೊಟ್ಟಿದೆ. ಏಕ, ದಶ, ಶತ, ಸಹಸ್ರ ಎಂದು ಹೊರಟ ಸಾಲು ಕೋಟಿಯನ್ನು ದಾಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ ಎಂದು ಏರುತ್ತ ಏರುತ್ತ ೨೪ನೆಯದಾದ ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ಧಾನ್ಯದ ರಾಶಿಗೂ ಸಾಲದ ಬಡ್ಡಿಗೂ ಇಷ್ಟು ಸ್ಥಾನಗಳು ಬೇಕಾಗಿರಲಿಲ್ಲ. ಮೂರು ಲೋಕಗಳ ಅಳತೆಯನ್ನೇ ಲೆಕ್ಕಕ್ಕೆ ತಂದುಕೊಳ್ಳುವ ಹಂಬಲವಿದ್ದ ಜೈನರಿಗೆ ಬೇಕಾಗಿದ್ದವು.

ಈಗ ನಮಗೂ ಬೇಕಾಗಿವೆ. ೨೦೨೨ರ ಜನವರಿಯಲ್ಲಿ ಇಟಲಿಯ ಟ್ರಿಯೆಸ್ಟ್ ನಗರದ ಅಲೆಕ್ಸ್ ಸಿಸಿಲಿಯಾ ಎಂಬ ತರುಣ ಸಂಶೋಧಕರೂ ಅವರ ಸಂಗಡಿಗರೂ ಒಂದು ಲೆಕ್ಕವನ್ನು ಪ್ರಕಟಿಸಿದರು. ನಮ್ಮ ದೃಷ್ಟಿಗೆ ನಿಲುಕುವ ವಿಶ್ವದ ಅಡ್ಡಳತೆ ೯,೦೦೦ ಕೋಟಿ ಜ್ಯೋತಿರ್ವರ್ಷಗಳಿಗೂ ಮಿಗಿಲು. ಅದರೊಳಗೆ, ಸತ್ತ ನಕ್ಷತ್ರಗಳಿಂದ ಆದ ಕಪ್ಪುಕುಳಿಗಳು ಎಷ್ಟು? ಅವರ ಉತ್ತರ: ೪ರ ಮುಂದೆ ೧೯ ಸೊನ್ನೆ. ಕೋಟಿಗಳಲ್ಲಿ ಹೇಳಹೊರಟರೆ ನಾಲ್ಕು ಲಕ್ಷ ಕೋಟಿ ಕೋಟಿ ಎಂದು ನಾಲಗೆ ತೊಡರುತ್ತದೆ. ಮಹಾವೀರಾಚಾರ್ಯನ ಪಟ್ಟಿಯಲ್ಲಿ ೨೦ನೆಯ ಸ್ಥಾನಕ್ಕೆ ಮಹಾಶಂಖವೆಂದು ಹೆಸರು. ನಾಲ್ಕು ಮಹಾಶಂಖ ಎಂದರೆ ಮುಗಿಯಿತು. ಮೇಲೆ ಇನ್ನೂ ನಾಲ್ಕು ಸ್ಥಾನ ಮಿಕ್ಕಿರುತ್ತವೆ.

ಹೆಸರು ಸಿಕ್ಕಿದಷ್ಟಕ್ಕೇ ನಂಬಿಕೆ ಹುಟ್ಟುವುದಿಲ್ಲ. ಬೆಳಕು ಕೂಡ ತಪ್ಪಿಸಿಕೊಂಡು ಹೊರಬರಲಾರದಷ್ಟು ಪ್ರಬಲವಾದ ಆಕರ್ಷಣೆಯುಳ್ಳ ಕಾಯಕ್ಕೆ ಕಪ್ಪುಕುಳಿಯೆನ್ನುತ್ತಾರೆ. (ಜಿ. ಟಿ. ನಾರಾಯಣ ರಾಯರು ಇದನ್ನೇ ಕೃಷ್ಣವಿವರವೆಂದು ಬರೆಯುತ್ತಿದ್ದರು. ಆ ಮಾತಿನ ಗಾಂಭೀರ್ಯ ಹೆಚ್ಚು. ಆದರೆ ‘ಕುಳಿ’ ಎಂಬ ಅಚ್ಚಗನ್ನಡ ಪದದಿಂದ ನನಗೆ ಮುಂದೆ ಒಂದು ಪ್ರಯೋಜನವಿದೆ.) ಕಾಣುವುದೇ ಇಲ್ಲ ಎಂಬುದೇ ಯಾವುದರ ಲಕ್ಷಣವೋ ಅದನ್ನು ಎಣಿಸಿದೆವೆಂದರೆ, ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಕೂಡ ‘ಹೇಗೆ ಸಾರ್?’ ಎಂದು ಕೇಳಿಯಾನು. ಕೇಳಬೇಕಾದದ್ದೇ.

ಮೊದಲು ಕೇಳಿದವರು ಇಂಗ್ಲೆಂಡಿನ ಥಾರ್ನ್‌ಹಿಲ್ ಎಂಬ ಹಳ್ಳಿಯ ಪಾದ್ರಿ ಜಾನ್ ಮಿಚೆಲ್. ಸೂರ್ಯನಷ್ಟೇ ಸಾಂದ್ರವಾಗಿದ್ದು ಅವನ ೫೦೦ ಪಟ್ಟು ಅಡ್ಡಳತೆಯಿರುವ ನಕ್ಷತ್ರವೊಂದಿದ್ದರೆ ಅದರ ಬೆಳಕು ಅದಕ್ಕೇ ಮರಳಿ ಬೀಳಬೇಕೆಂದು ಅವರು ೧೭೮೩ರಲ್ಲಿ ವಾದಿಸಿದರು. ಅಂಥದು ಕಣ್ಣಿಗೆ ಬೀಳದಿದ್ದರೂ, ಅದರ ಸುತ್ತ ಬೆಳಗುವ ಸಂಗಾತಿಯೊಂದು ತಿರುಗುತ್ತಿದ್ದರೆ ಆ ತಿರುಗಾಟದಿಂದ ಊಹಿಸಬಹುದೆಂದೂ ಸೇರಿಸಿದರು. ಫ್ರಾನ್ಸಿನ ಲಾಪ್ಲಾಸ್ ೧೭೯೬ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಇಂಥ ಕತ್ತಲೆಯ ಕಾಯಗಳು ಆಕಾಶದಲ್ಲಿ ಬಹುಶಃ ನಕ್ಷತ್ರಗಳಷ್ಟೇ ಸಂಖ್ಯೆಯಲ್ಲಿರಬಹುದೆಂದರು. ಎಣಿಕೆಯ ಚರಿತ್ರೆಯಲ್ಲಿ ಮೊದಲ ಅಂದಾಜೆಂದು ಇದನ್ನು ಕರೆಯಬಹುದು. ಆದರೆ ತಮ್ಮ ಗ್ರಂಥದ ಮುಂದಿನ ಮುದ್ರಣಗಳಲ್ಲಿ ಲಾಪ್ಲಾಸರು ಆ ಭಾಗವನ್ನು ಸದ್ದಿಲ್ಲದೆ ತೆಗೆದುಹಾಕಿದರು. ನೂರು ವರ್ಷಕ್ಕೂ ಮಿಕ್ಕಿ ಯಾರೂ ಅದನ್ನು ಕೆದಕಲಿಲ್ಲ.

ಇಪ್ಪತ್ತನೆಯ ಶತಮಾನದ ಕಥೆ ವಾಚಕರಲ್ಲಿ ಅನೇಕರಿಗೆ ಗೊತ್ತು. ೧೯೩೦ರಲ್ಲಿ ಹತ್ತೊಂಬತ್ತರ ಹರೆಯದ ಚಂದ್ರಶೇಖರ್ ಹಡಗಿನಲ್ಲಿ ಕುಳಿತು ಮಾಡಿದ ಗಣನೆ, ೧೯೩೫ರಲ್ಲಿ ಎಡಿಂಗ್ಟನ್ನರು ತುಂಬಿದ ಸಭೆಯಲ್ಲಿ ಅದನ್ನು ಹಾಸ್ಯಮಾಡಿದ್ದು, ೧೯೩೯ರಲ್ಲಿ ಆಪನ್‌ಹೈಮರ್ ಮತ್ತು ಸ್ನೈಡರ್ ಕುಸಿಯುವ ನಕ್ಷತ್ರದ ಗಣಿತವನ್ನು ಕೊನೆಮುಟ್ಟಿಸಿದ್ದು, ಇವನ್ನು ಮತ್ತೆ ವಿಸ್ತರಿಸುವುದಿಲ್ಲ. ‘ಬ್ಲಾಕ್ ಹೋಲ್’ ಎಂಬ ಹೆಸರು ವೀಲರ್ ಅವರಿಂದ ೧೯೬೭ರ ಬಳಿಕ ರೂಢಿಗೆ ಬಂತು. ಪ್ರಿನ್ಸ್‌ಟನ್ನಿನ ಡಿಕ್ಕೆ ಎಂಬವರು ಅದಕ್ಕೂ ಮೊದಲೇ ಈ ಕಾಯಗಳನ್ನು ಕಲ್ಕತ್ತೆಯ ಕತ್ತಲಕೋಣೆಗೆ ಹೋಲಿಸುತ್ತಿದ್ದರೆಂದು ಹೇಳುವುದುಂಟು.

ಆ ಕೋಣೆಯದೂ ಎಣಿಕೆಯ ಕಥೆಯೇ ಆದುದರಿಂದ ಒಂದು ಮಾತು. ೧೭೫೬ರ ಜೂನ್ ೨೦ರ ರಾತ್ರಿ ಸಿರಾಜುದ್ದೌಲನ ಕಡೆಯವರು ೧೮ ಅಡಿಗೆ ೧೪ ಅಡಿಯ ಕೋಣೆಯಲ್ಲಿ ೧೪೬ ಜನರನ್ನು ಕೂಡಿಹಾಕಿದರೆಂದೂ ಬೆಳಗಾಗುವಷ್ಟರಲ್ಲಿ ೧೨೩ ಜನ ಸತ್ತಿದ್ದರೆಂದೂ ಹಾಲ್ವೆಲ್ ಬರೆದ. ಹೇಳಿದವನು ಒಳಗಿದ್ದು ಬದುಕಿ ಬಂದವನೆಂಬ ಬಲದಿಂದ ಆ ಅಂಕಿ ಒಂದೂವರೆ ಶತಮಾನ ಪಾಠಪುಸ್ತಕಗಳಲ್ಲಿ ರಾಜ್ಯವಾಳಿತು. ಆಳುವವರಿಗೂ ಅದು ಅನುಕೂಲವಾಗಿತ್ತು. ೧೯೫೯ರಲ್ಲಿ ಬ್ರಿಜೇನ್ ಗುಪ್ತರು ದಾಖಲೆಗಳನ್ನು ಜಾಲಾಡಿ, ಒಳಹೋದವರು ೬೪, ಉಳಿದವರು ೨೧ ಎಂದು ಕಂಡರು. ನಾಲ್ಕು ಗೋಡೆಗಳ ನಡುವಿನ ಮನುಷ್ಯರ ಲೆಕ್ಕವೇ ಹೀಗೆ ಅರ್ಧಕ್ಕೂ ಕಡಿಮೆಯಾದರೆ, ವಿಶ್ವದ ಮಹಾಶಂಖಗಳನ್ನು ಯಾರ ಮಾತಿನ ಮೇಲೆ ಒಪ್ಪಬೇಕು? ಯಾರ ಮಾತಿನ ಮೇಲೂ ಬೇಡ. ಲೆಕ್ಕ ಹಾಕಿದ ದಾರಿಯಲ್ಲಿ ನಾವೂ ನಡೆದು ನೋಡಬಹುದು.

ಆ ದಾರಿಯ ಮೊದಲ ಮೆಟ್ಟಿಲು ನಮ್ಮ ಊರಿನವರದು. ಸಿ. ವಿ. ವಿಶ್ವೇಶ್ವರ ಅವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ವಿದ್ವಾಂಸರು, ಲೇಖಕರು. ಕನ್ನಡದ ಮನೆಯಿಂದ ಹೊರಟ ಈ ತರುಣ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮಿಸ್ನರ್ ಅವರ ಕೈಕೆಳಗೆ ಎತ್ತಿಕೊಂಡ ಪ್ರಶ್ನೆ ಕೇಳಲು ಸರಳ: ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಏನಾಗುತ್ತದೆ? ಅದು ಚೂರಾಗುವುದಾದರೆ, ಗಣಿತದ ಕಾಗದದ ಮೇಲೆ ಮಾತ್ರ ಅದರ ವಾಸ. ಆಕಾಶದಲ್ಲಿ ಅದರ ಸಂಖ್ಯೆ ಸೊನ್ನೆ. ಅದು ಸ್ಥಿರವಾಗಿ ನಿಲ್ಲುತ್ತದೆ ಎಂದು ವಿಶ್ವೇಶ್ವರರು ತೋರಿಸಿದರು. ಎಣಿಸುವ ಕೆಲಸಕ್ಕೆ ಅರ್ಥ ಬಂದದ್ದು ಅಲ್ಲಿಂದ. ೧೯೭೦ರಲ್ಲಿ ಅವರು ಮತ್ತೊಂದು ವಿಷಯ ಪ್ರಕಟಿಸಿದರು: ಅಲುಗಿಸಿದ ಕಪ್ಪುಕುಳಿ, ಬಡಿದ ಗಂಟೆಯ ಹಾಗೆ, ತನ್ನದೇ ಶ್ರುತಿಯಲ್ಲಿ ಮಿಡಿದು ಬೇಗನೆ ಶಾಂತವಾಗುತ್ತದೆ. ಆಗ ಆಕಾಶದಲ್ಲಿ ಖಚಿತವಾದ ಕಪ್ಪುಕುಳಿ ಒಂದೂ ಇರಲಿಲ್ಲ. ಇಲ್ಲದ ಗಂಟೆಯ ನಾದವನ್ನು ಲೆಕ್ಕಹಾಕುವುದಕ್ಕೆ ಎಂಥ ಧೈರ್ಯ ಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಮೊದಲನೆಯದು ಸಿಕ್ಕಿದ್ದು ರಾಜಹಂಸ ನಕ್ಷತ್ರಪುಂಜದಲ್ಲಿ, ಮಿಚೆಲ್ ಪಾದ್ರಿಗಳು ಹೇಳಿದ್ದ ಉಪಾಯದಿಂದಲೇ. ಅಲ್ಲಿಂದ ಕ್ಷಕಿರಣಗಳು ಬರುತ್ತಿದ್ದುದು ೧೯೬೪ರಲ್ಲಿ ತಿಳಿದಿತ್ತು; ಒಂದು ನೀಲಿ ದೈತ್ಯ ನಕ್ಷತ್ರ ಅಲ್ಲಿ ಏನೂ ಕಾಣದ ಜಾಗವೊಂದನ್ನು ಸುತ್ತುತ್ತಿದೆಯೆಂದು ೧೯೭೧-೭೨ರಲ್ಲಿ ಗೊತ್ತಾಯಿತು.

ಈ ಉಪಾಯವನ್ನು ತಿಳಿಯಬೇಕಾದರೆ ಟಿನ್ ಫ್ಯಾಕ್ಟರಿಗೆ ಬರಬೇಕು. ಹೆಸರಿನ ಕಾರ್ಖಾನೆಯನ್ನು ನನ್ನ ವಿದ್ಯಾರ್ಥಿಗಳು ಯಾರೂ ಹುಡುಕಿದವರಲ್ಲ. ಅವರಿಗೆ ಅದು ಬಸ್ಸು ಬದಲಿಸುವ ಜಾಗ. ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಅಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮಳೆ ಬಂದ ರಾತ್ರಿ ಪಾದಚಾರಿ ಸೇತುವೆಯ ಮೇಲೆ ನಿಂತು ನೋಡಿದರೆ ರಸ್ತೆಯೆಲ್ಲ ಒಂದೇ ಕಪ್ಪು ನೀರು. ಆದರೂ ಸ್ಕೂಟರಿನ ದೀಪಗಳು ಒಂದು ಜಾಗಕ್ಕೆ ಬಂದೊಡನೆ ಸರಕ್ಕನೆ ಬಾಗಿ ಮುಂದೆ ಹೋಗುತ್ತವೆ. ಹಿಂದಿನದೂ ಹಾಗೆಯೇ, ಅದರ ಹಿಂದಿನದೂ ಹಾಗೆಯೇ. ಅಲ್ಲೊಂದು ಕುಳಿಯಿದೆ. ದೀಪ ಎಷ್ಟು ಬಾಗಿತೆಂಬುದರಿಂದ ಕುಳಿಯ ಗಾತ್ರವನ್ನೂ ಹೇಳಬಹುದು. ಆದರೆ ಯಾವ ವಾಹನವೂ ಹಾಯದ ಅಡ್ಡರಸ್ತೆಯಲ್ಲಿ ಎಷ್ಟು ಕುಳಿಗಳಿವೆಯೆಂದು ಸೇತುವೆಯ ಮೇಲಿನಿಂದ ತಿಳಿಯುವುದಿಲ್ಲ.

ಆಕಾಶದ ಕಷ್ಟವೂ ಇದೇ. ನಮ್ಮ ಆಕಾಶಗಂಗೆಯಲ್ಲಿ ಸಂಗಾತಿಯ ನಡೆಯಿಂದ ಖಚಿತಪಟ್ಟಿರುವ ಕಪ್ಪುಕುಳಿಗಳು ಇಪ್ಪತ್ತರ ಆಸುಪಾಸು. ೨೦೨೨ರಲ್ಲಿ ಗಯಾ ಎಂಬ ದೂರದರ್ಶಕದ ನೆರವಿನಿಂದ ಪತ್ತೆಯಾದ, ಸುಮಾರು ೧,೫೬೦ ಜ್ಯೋತಿರ್ವರ್ಷ ದೂರದ ಒಂದು, ನಮಗೆ ಗೊತ್ತಿರುವವುಗಳಲ್ಲೆಲ್ಲ ಅತಿ ಹತ್ತಿರದ್ದು. ಇಪ್ಪತ್ತನ್ನು ಹಿಡಿದು ಮಹಾಶಂಖಕ್ಕೆ ಹೋಗುವುದು ಹೇಗೆ?

ಚರಿತ್ರೆಯನ್ನು ಓದುವವರಿಗೆ ಇದು ಪರಿಚಿತವಾದ ಸಮಸ್ಯೆ. ಬೆಂಗಳೂರಿನ ಸುತ್ತಮುತ್ತ ವೀರಗಲ್ಲುಗಳು ಸಿಗುತ್ತವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಗಂಗ ಶ್ರೀಪುರುಷನ ಕಾಲದ್ದು, ಎಂಟನೆಯ ಶತಮಾನದ್ದು. ಶ್ರೀಪುರುಷನ ಕಾಲದಲ್ಲಿ ಈ ಸೀಮೆಯಲ್ಲಿ ಸತ್ತ ವೀರರು ಇಂದು ಕಲ್ಲು ಉಳಿದವರು ಮಾತ್ರವೇ ಎಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ. ಊರುಗಳೆಷ್ಟು, ಜನವೆಷ್ಟು, ಕಾಳಗಗಳೆಷ್ಟು ಎಂದು ಬದುಕಿದವರ ಕಡೆಯಿಂದ ಲೆಕ್ಕ ಹೊರಡಿಸಬೇಕು. ಖಗೋಳವಿಜ್ಞಾನಿಗಳು ಮಾಡುವುದೂ ಅದನ್ನೇ: ಸತ್ತ ನಕ್ಷತ್ರಗಳನ್ನು ಹುಡುಕುವುದಿಲ್ಲ, ಹುಟ್ಟಿದವುಗಳನ್ನು ಎಣಿಸುತ್ತಾರೆ.

ಆಕಾಶಗಂಗೆಯಲ್ಲಿ ಕಡಿಮೆಯೆಂದರೂ ೧೦,೦೦೦ ಕೋಟಿ ನಕ್ಷತ್ರಗಳಿವೆ. ಹುಟ್ಟುವಾಗ ಸೂರ್ಯನ ೨೦-೨೫ ಪಟ್ಟು ತೂಕವಿದ್ದ ನಕ್ಷತ್ರಗಳೇ ಸಾಮಾನ್ಯವಾಗಿ ಕಪ್ಪುಕುಳಿಯಾಗುವುದು. ಅಂಥವು ಸಾವಿರಕ್ಕೆ ಒಂದರಂತೆ ಹುಟ್ಟುತ್ತವೆ. ಅವುಗಳ ಬಾಳು ಚಿಕ್ಕದು. ಸೂರ್ಯನದು ಸುಮಾರು ೧,೦೦೦ ಕೋಟಿ ವರ್ಷವಾದರೆ ಅವುಗಳದು ಒಂದು ಕೋಟಿಯನ್ನೂ ಮುಟ್ಟುವುದು ಕಷ್ಟ. ಆದುದರಿಂದ ಹುಟ್ಟಿದವು ಹೆಚ್ಚುಕಡಿಮೆ ಎಲ್ಲವೂ ಈಗಾಗಲೇ ಸತ್ತಿವೆ. ೧೦,೦೦೦ ಕೋಟಿಯಲ್ಲಿ ಸಾವಿರಕ್ಕೊಂದು ಎಂದರೆ ೧೦ ಕೋಟಿ. ೨೦೧೭ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಬೇರೆ ವಿವರಗಳೊಡನೆ ಲೆಕ್ಕಹಾಕಿದಾಗಲೂ ಆಕಾಶಗಂಗೆಗೆ ೧೦ ಕೋಟಿಯವರೆಗೆ ಎಂದೇ ಬಂತು. ನಮ್ಮದರಂಥ ಗೆಲಾಕ್ಸಿಗಳು ೧೦,೦೦೦ ಕೋಟಿ ಎಂದಿಟ್ಟುಕೊಂಡು ಗುಣಿಸಿದರೆ ಒಂದು ಮಹಾಶಂಖ. ಲಕೋಟೆಯ ಬೆನ್ನಿನ ಮೇಲೆ ಮಾಡಬಹುದಾದ ಈ ಗುಣಾಕಾರ, ಟ್ರಿಯೆಸ್ಟಿನವರ ಉತ್ತರದ ಕಾಲುಭಾಗಕ್ಕೆ ಬಂದು ನಿಲ್ಲುತ್ತದೆ. ಲಾಪ್ಲಾಸರ ‘ನಕ್ಷತ್ರಗಳಷ್ಟೇ’ ಎಂಬ ಮಾತು ಮಾತ್ರ ಸಾವಿರ ಪಟ್ಟು ಹೆಚ್ಚಾಯಿತು.

ಟ್ರಿಯೆಸ್ಟಿನವರು ಹೆಚ್ಚಾಗಿ ಮಾಡಿದ್ದೇನು? ಗೆಲಾಕ್ಸಿಗಳು ಒಂದೇ ಗಾತ್ರದವಲ್ಲ. ವಿಶ್ವದ ೧,೩೮೦ ಕೋಟಿ ವರ್ಷದ ಬಾಳಿನಲ್ಲಿ ನಕ್ಷತ್ರಗಳು ಹುಟ್ಟಿದ ವೇಗವೂ ಒಂದೇ ಅಲ್ಲ. ಹಳೆಯ ಕಾಲದ ನಕ್ಷತ್ರಗಳಲ್ಲಿ ಕಬ್ಬಿಣ ಮೊದಲಾದ ಭಾರಧಾತುಗಳು ಕಡಿಮೆ. ಅಂಥವು ಬಾಳಿನುದ್ದಕ್ಕೂ ಮೈಯಿಂದ ದ್ರವ್ಯವನ್ನು ಊದಿಬಿಡುವುದೂ ಕಡಿಮೆಯಾದ್ದರಿಂದ ಹೆಚ್ಚು ತೂಕದ ಕಪ್ಪುಕುಳಿಗಳನ್ನು ಬಿಟ್ಟುಹೋಗುತ್ತವೆ. ಜೋಡಿ ನಕ್ಷತ್ರಗಳ ಗತಿಯೇ ಬೇರೆ. ಇವೆಲ್ಲವನ್ನೂ ಯುಗಯುಗಕ್ಕೂ ಕೂಡಿಸಿ ತೆಗೆದ ಮೊತ್ತ ನಾಲ್ಕು ಮಹಾಶಂಖ. ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ನೂರಕ್ಕೆ ಒಂದು ಪಾಲು ಇವುಗಳಲ್ಲಿ ಅಡಗಿದೆಯಂತೆ. ದ್ರವ್ಯ ಊದಿಹೋಗುವ ಪ್ರಮಾಣವಾಗಲಿ, ಸಾಯುವ ನಕ್ಷತ್ರ ಸಿಡಿಯುವುದೋ ಸುಮ್ಮನೆ ಕುಸಿಯುವುದೋ ಎಂಬುದಾಗಲಿ ಇನ್ನೂ ವಾದದಲ್ಲಿರುವ ವಿಷಯಗಳು. ಅವು ಬದಲಾದರೆ ನಾಲ್ಕು ಎಂಬುದು ಎರಡಾದೀತು, ಆರಾದೀತು. ಮಹಾಶಂಖವೆಂಬ ಸ್ಥಾನ ಅಷ್ಟು ಸುಲಭವಾಗಿ ಕದಲಲಾರದೆಂದು ನನ್ನ ಅಭಿಪ್ರಾಯ. ಎರಡು ಬೇರೆ ದಾರಿಗಳು ಅಲ್ಲಿಗೇ ಬಂದು ಸೇರಿವೆಯಲ್ಲ!

ಅಡ್ಡರಸ್ತೆಯ ಕುಳಿಗಳ ವಿಚಾರ ಬಾಕಿಯಿದೆ. ೧೦ ಕೋಟಿಯಲ್ಲಿ ಬಹುಪಾಲು ಸಂಗಾತಿಯಿಲ್ಲದ ಒಂಟಿಗಳು. ೨೦೨೨ರಲ್ಲಿ ಅಂಥದೊಂದು ಮೊದಲ ಬಾರಿಗೆ ಸಿಕ್ಕಿತು: ಸುಮಾರು ೫,೦೦೦ ಜ್ಯೋತಿರ್ವರ್ಷ ದೂರದಲ್ಲಿ ಅದು ಹಿನ್ನೆಲೆಯ ನಕ್ಷತ್ರವೊಂದರ ಮುಂದೆ ಹಾದುಹೋಗುವಾಗ ಆ ನಕ್ಷತ್ರದ ಬೆಳಕನ್ನು ಕೂದಲೆಳೆಯಷ್ಟು ಬಾಗಿಸಿತ್ತು, ಹಬಲ್ ದೂರದರ್ಶಕದಿಂದ ವರ್ಷಗಟ್ಟಲೆ ಅಳೆದು ಅದನ್ನು ಹಿಡಿದರು. ಇನ್ನು ದೂರದ ಗೆಲಾಕ್ಸಿಗಳಲ್ಲಿ ಕಪ್ಪುಕುಳಿಗಳು ಜೋಡಿಜೋಡಿಯಾಗಿ ಡಿಕ್ಕಿ ಹೊಡೆಯುತ್ತವೆ. ೨೦೧೫ರ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೋ ಉಪಕರಣಗಳು ಅಂಥ ಡಿಕ್ಕಿಯ ಅಲೆಯನ್ನು ಮೊದಲು ಹಿಡಿದವು: ಸೂರ್ಯನ ೩೬ ಪಟ್ಟಿನದೊಂದು, ೨೯ ಪಟ್ಟಿನದೊಂದು ಕೂಡಿ ೬೨ ಪಟ್ಟಿನ ಒಂದಾಯಿತು, ಮಿಕ್ಕ ಮೂರು ಅಲೆಗಳಾಗಿ ಹೋಯಿತು. ೨೦೨೦ರವರೆಗಿನ ಆಲಿಕೆಯಲ್ಲಿಯೇ ಇಂಥ ಸುಮಾರು ೯೦ ಘಟನೆಗಳು ದಾಖಲಾದವು. ಅವುಗಳಲ್ಲಿ ಬಹುಪಾಲು ಕಪ್ಪುಕುಳಿಗಳವೇ. ಡಿಕ್ಕಿಗಳು ಎಷ್ಟು ಪದೇಪದೇ ಆಗುತ್ತವೆಂಬುದು ಲೆಕ್ಕವನ್ನು ಒರೆಗೆ ಹಚ್ಚುವ ಕಲ್ಲು.

ಆ ಮೊದಲ ಅಲೆಯ ಕೊನೆಯಲ್ಲಿ, ಹೊಸ ಕಪ್ಪುಕುಳಿ ಮಿಡಿದು ಶಾಂತವಾಗುವ ಅಲ್ಪ ಭಾಗವಿತ್ತು. ವಿಶ್ವೇಶ್ವರರು ೧೯೭೦ರಲ್ಲಿ ಬರೆದಿದ್ದ ನಾದ ಅದೇ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದ ಅವರು ಈ ಸುದ್ದಿ ಪ್ರಕಟವಾದಾಗ, ೨೦೧೬ರ ಫೆಬ್ರುವರಿಯಲ್ಲಿ, ನಮ್ಮ ನಡುವೆ ಇದ್ದರು. ಮರುವರ್ಷ ಜನವರಿ ೧೬ರಂದು ತೀರಿಕೊಂಡರು.

ಟಿನ್ ಫ್ಯಾಕ್ಟರಿಯಿಂದ ತೆಂಕಣಕ್ಕೆ ನಾಲ್ಕೈದು ಕಿಲೋಮೀಟರು ಹೋದರೆ ವಿಮಾನಪುರ. ಉಡುಪಿ ಸೀಮೆಯ ಯು. ಆರ್. ರಾವ್ ಅವರ ಹೆಸರಿನ ಉಪಗ್ರಹ ಕೇಂದ್ರ ಅಲ್ಲಿದೆ. ೨೦೨೪ರ ಜನವರಿ ೧ರಂದು ಆಕಾಶಕ್ಕೇರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಎರಡು ಉಪಕರಣಗಳಲ್ಲಿ ಒಂದನ್ನು ಆ ಕೇಂದ್ರವೂ ಇನ್ನೊಂದನ್ನು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯೂ ರೂಪಿಸಿದವು. ಕಪ್ಪುಕುಳಿಯ ಬಾಯಿಗೆ ಬೀಳುವ ಮುನ್ನ ಕಾದು ಉರಿಯುವ ಅನಿಲದ ಕ್ಷಕಿರಣಗಳನ್ನು ಪರೀಕ್ಷಿಸುವುದು ಅದರ ಕೆಲಸಗಳಲ್ಲೊಂದು. ಹೊಸ ಕುಳಿಗಳನ್ನು ಎಣಿಸುವುದಲ್ಲ, ಗೊತ್ತಿರುವ ಕೆಲವನ್ನು ಸರಿಯಾಗಿ ತಿಳಿಯುವುದು.

ಗೆಲಾಕ್ಸಿಗಳ ನಡುಮನೆಯಲ್ಲಿ ಕುಳಿತಿರುವ ಮಹಾಕುಳಿಗಳು ಈ ಲೆಕ್ಕದಲ್ಲಿಲ್ಲ. ಅವು ಗೆಲಾಕ್ಸಿಗೊಂದರಂತೆ ಎಂದರೂ ಒಟ್ಟು ಮೊತ್ತಕ್ಕೆ ಗಣ್ಯವಲ್ಲ. ನಮ್ಮದು ಸೂರ್ಯನ ೪೦ ಲಕ್ಷ ಪಟ್ಟು ತೂಗುತ್ತದೆ. ವಿಶ್ವದ ಮೊದಲ ಕ್ಷಣಗಳಲ್ಲಿಯೇ ಹುಟ್ಟಿರಬಹುದೆಂದು ಹಾಕಿಂಗ್ ೧೯೭೧ರಲ್ಲಿ ಸೂಚಿಸಿದ ಕಿರುಗುಳಿಗಳೂ ಇದರಲ್ಲಿಲ್ಲ. ಅವು ಇರುವುದೇ ನಿಜವಾದರೆ ಮಹಾವೀರಾಚಾರ್ಯನ ಪಟ್ಟಿಯಲ್ಲಿ ಮಿಕ್ಕಿರುವ ನಾಲ್ಕು ಸ್ಥಾನಗಳು ಸಾಲುವುವೋ ಇಲ್ಲವೋ; ಇಲ್ಲವಾದರೆ ಅವುಗಳ ಮೊತ್ತಕ್ಕೆ ಒಂದು ಸೊನ್ನೆ ಸಾಕು.